ಇಂದಿರಾನಗರದ ಗೋಡೆ ಮೇಲಿನ ಕೊಕ್ಕೆ

ಗರುಡಾಚಾರ್‌ಪಾಳ್ಯದ ನಮ್ಮ ಲೇತ್ ಶೆಡ್ಡಿಗೆ ಬರುವವರೆಲ್ಲ ಮುರಿದದ್ದೇನಾದರೂ ಹಿಡಿದುಕೊಂಡೇ ಬರುತ್ತಾರೆ. ಹಲ್ಲುದುರಿದ ಗೇರು, ಸವೆದ ಶಾಫ್ಟು, ಥ್ರೆಡ್ಡು ಹೋದ ಬೋಲ್ಟು. ಇಂದಿರಾನಗರದ ಆ ಯಜಮಾನರು ಮಾತ್ರ ಮೊದಲ ದಿನ ಒಂದು ಫೈಲು ಹಿಡಿದುಕೊಂಡು ಬಂದರು. ಪ್ಲಾಸ್ಟಿಕ್ ಹಾಳೆಗಳ ನಡುವೆ ಫೋಟೋ, ಫೋಟೋದ ಕೆಳಗೆ ಅಳತೆ, ಅಳತೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಟಿಪ್ಪಣಿ. ಮಗಳಿಗೆ ಗಂಡು ಹುಡುಕುವವರು ಜಾತಕ ತೆಗೆಯುವಷ್ಟು ಜೋಪಾನವಾಗಿ ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಮೇಡಂ, ಬ್ಯೂಟಿಫುಲ್ ಅಲ್ವಾ?"

ನಾನು ನೋಡಿದೆ. ಹಬ್ ಪುಲ್ಲರ್. ಹಳೇ ಮಿಲಿಟರಿ ಜೀಪಿನ ಹಿಂದಿನ ಚಕ್ರದ ಹಬ್ ಎಂಬ ನಡುಭಾಗವನ್ನು ಆಕ್ಸಲ್ಲಿನಿಂದ ಎಳೆದು ತೆಗೆಯುವ ಸಲಕರಣೆ. ಮೂರು ಕಾಲು, ನಡುವೆ ದಪ್ಪನೆಯ ಸ್ಕ್ರೂ. ಚೆಂದವೇನೂ ಇರಲಿಲ್ಲ, ಆದರೆ ಕೆಲಸಕ್ಕೆ ಬರುವ ವಸ್ತು.

"ಮಾಡ್ಕೊಡ್ತೀವಿ ಸಾರ್," ಅಂದೆ.

ನಮ್ಮ ಶೆಡ್ಡಿರುವ ಜಾಗ ಒಂದು ಕಾಲಕ್ಕೆ ನಮ್ಮ ಮನೆಯ ಕಣವಾಗಿತ್ತು. ರಾಗಿ ಬಡಿಯುತ್ತಿದ್ದಲ್ಲಿ ಅಪ್ಪ ಸಿಮೆಂಟು ಹಾಕಿಸಿ, ಶೀಟು ಹೊದಿಸಿ, ಎಲ್ಲಿಂದಲೋ ಒಂದು ಹಳೇ ಲೇತ್ ತಂದು ಕೂರಿಸಿದರು. ಸುತ್ತ ಹೊಲಗಳಿದ್ದಲ್ಲಿ ಈಗ ಗಾಜಿನ ಆಫೀಸುಗಳೂ ಹಾಸ್ಟೆಲಿನಂಥ ಮನೆಗಳೂ ಎದ್ದಿವೆ. ಅಪ್ಪ ಹೋದ ಮೇಲೆ ತಮ್ಮಂದಿರಿಬ್ಬರೂ ಬಾಡಿಗೆ ಮನೆಗಳನ್ನು ಹಂಚಿಕೊಂಡರು. ಶಬ್ದವೂ ಎಣ್ಣೆಜಿಡ್ಡೂ ನನ್ನ ಪಾಲಿಗೆ ಬಂದವು. ಜೊತೆಗೆ ಅಪ್ಪನ ಕಾಲದಿಂದ ಲೇತ್ ಓಡಿಸುವ ಟರ್ನರ್ ಕೂಡ. ಹಲಸೂರಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಾರೆ, ಮನೆಮಾತು ತಮಿಳು. ನನಗೆ ಐವತ್ತಾದರೂ ಅವರಿಗೆ ನಾನಿನ್ನೂ 'ಪಾಪಾ'.

ಪುಲ್ಲರ್ ತಯಾರಾಯಿತು. ಯಜಮಾನರು ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ, ಮೂಸಿಯೂ ನೋಡಿದರು. ಆಮೇಲೆ ಕಪ್ಪು ಫಿನಿಷ್ ಮಾಡಿಕೊಡಿ ಅಂದರು. ಕೊಟ್ಟೆವು. ಮುಂದಿನ ತಿಂಗಳು ಮುಂದಿನ ಚಕ್ರದ ನಟ್ಟಿಗೆ ಬಾಕ್ಸ್ ಸ್ಪ್ಯಾನರ್. ಅದರ ಮುಂದಿನ ತಿಂಗಳು ವಾಲ್ವ್ ಸ್ಪ್ರಿಂಗ್ ಒತ್ತಿ ಹಿಡಿಯುವ ಕ್ಲಾಂಪು. ಆಮೇಲೆ ತೆಳ್ಳನೆಯ ಟ್ಯಾಪೆಟ್ ಸ್ಪ್ಯಾನರುಗಳು, ಬುಶ್ ಬಡಿದು ಕೂರಿಸುವ ಉಳಿಗಳು, ಆ ಉಳಿಗಳನ್ನಿಡಲು ಒಂದು ತೇಗದ ಪೆಟ್ಟಿಗೆ, ಆ ಪೆಟ್ಟಿಗೆಗೆ ಹಿತ್ತಾಳೆಯ ಕೊಂಡಿ.

ಒಂದು ದಿನ ಟರ್ನರ್ ಅಣ್ಣ ಕೇಳಿಯೇಬಿಟ್ಟರು. "ಸಾರ್, ಜೀಪು ಹೆಂಗ್ ಓಡ್ತಾ ಇದೆ?"

"ಓಡೋದಾ?" ಯಜಮಾನರು ನಕ್ಕರು. "ಅದಿನ್ನೂ ರೆಸ್ಟೋರೇಷನ್‌ನಲ್ಲಿದೆ. ಇಂಜಿನ್ ಮುಟ್ಟೋದಕ್ಕೆ ಮುಂಚೆ ಟೂಲ್ಸ್ ಕಂಪ್ಲೀಟ್ ಆಗ್ಬೇಕು. ಸರಿಯಾದ ಟೂಲ್ ಇಲ್ದೆ ಆ ಗಾಡೀನ ಮುಟ್ಟೋದು ಪಾಪ."

ಅವರು ಹೋದ ಮೇಲೆ ಅಣ್ಣ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಪಾಪಾ, ಈ ಆಳು ತೊಟ್ಟಿಲು ಮಾಡಿಸ್ತಾನೇ ಇರ್ತಾನೆ. ಮಗು ಹುಟ್ಟಲ್ಲ."

ಹೀಗೇ ಎರಡು ವರ್ಷ ಕಳೆಯಿತು. ಒಬ್ಬರ ಹುಚ್ಚಿನಿಂದ ನನ್ನ ಶೆಡ್ಡಿಗೆ ಕೆಲಸ ಸಿಗುತ್ತಿದೆ ಎಂಬ ಸಂತೋಷದಲ್ಲಿ ನಾನು ಅವರನ್ನು ನೋಡಿ ಒಳಗೊಳಗೇ ನಗಾಡುತ್ತ, ಎದುರಿಗೆ ಕಾಫಿ ತರಿಸುತ್ತ ಇದ್ದೆ. ಈಗ ಹೇಳಲು ಹೊರಟಿರುವ ತಪ್ಪು ಆ ನಗುವಿನಿಂದಲೇ ಶುರುವಾದದ್ದು.

ಜೋಗುಪಾಳ್ಯದ ಒಂದು ಸಣ್ಣ ಹೋಟೆಲಿನವರು ನಮಗೊಂದು ಕೊಕ್ಕೆ ಮಾಡಲು ಹೇಳಿದ್ದರು. ಇಡ್ಲಿ ಬೇಯಿಸುವ ದೊಡ್ಡ ಸ್ಟೀಲ್ ಪೆಟ್ಟಿಗೆಗಳಿರುತ್ತವಲ್ಲ, ಬೀರುವಿನ ಹಾಗೆ ಬಾಗಿಲು, ಒಳಗೆ ಖಾನೆಗಳಲ್ಲಿ ತಟ್ಟೆಗಳು; ಆ ಸುಡುವ ತಟ್ಟೆಗಳನ್ನು ಹೊರಗೆಳೆಯುವ ಕೊಕ್ಕೆ. ಉದ್ದನೆಯ ಸರಳು, ಒಂದು ತುದಿಗೆ ಅಡ್ಡ ಹಿಡಿ, ಇನ್ನೊಂದು ತುದಿಗೆ ಏಡಿಯ ಕೊಂಡಿಯಂತೆ ಎರಡು ಬಾಗಿದ ಉಗುರು. ನಾವು ಅದನ್ನು ಮುಗಿಸುವಷ್ಟರಲ್ಲಿ ಹೋಟೆಲಿನವರು ಬಾಗಿಲು ಹಾಕಿ ಊರಿಗೆ ಹೋಗಿದ್ದರು. ಕೊಕ್ಕೆ ನಮ್ಮ ಬೆಂಚಿನ ಮೇಲೆ ಬಿದ್ದಿತ್ತು.

ಯಜಮಾನರ ಕಣ್ಣು ಅದರ ಮೇಲೆ ಬಿತ್ತು. ಹತ್ತಿರ ಹೋಗಿ ಮೆಲ್ಲಗೆ ಎತ್ತಿಕೊಂಡರು.

"ಮೇಡಂ... ಇದು ಹಬ್ ಒಳಗಿನ ಆಯಿಲ್ ಸೀಲ್ ಎಳೆಯೋ ಟೂಲ್ ಅಲ್ವಾ?"

ಆಯಿಲ್ ಸೀಲೆಂದರೆ ಚಕ್ರದಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ. ಅವತ್ತು ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಒಬ್ಬ ಗಿರಾಕಿ ಬೈದು ಹೋಗಿದ್ದ. ನನಗೆ ತಲೆ ಸಿಡಿಯುತ್ತಿತ್ತು. "ಹ್ಞೂಂ," ಅಂದೆ. ನಾನು ಹೇಳಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಅವರೇ ಹೇಳಿಕೊಂಡರು.

"ನೋಡಿ, ಈ ಲೆಂಗ್ತ್ ನೋಡಿ. ಮಿಲಿಟರಿಯವ್ರು ಕೆಸರಲ್ಲಿ ಗಾಡಿ ಕೆಳಗೆ ಮಲಗಿ ಕೆಲ್ಸ ಮಾಡ್ಬೇಕಾಗಿತ್ತು, ಕೈ ಎಟುಕ್ತಿರ್ಲಿಲ್ಲ. ಅದ್ಕೇ ಇಷ್ಟುದ್ದ. ಏನ್ ಥಿಂಕಿಂಗ್ ಮೇಡಂ!"

ಲೇತ್ ಹಿಂದೆ ಟರ್ನರ್ ಅಣ್ಣ ಕೆಮ್ಮತೊಡಗಿದರು. ಕೆಮ್ಮು ನಿಲ್ಲಲೇ ಇಲ್ಲ. ಕೊನೆಗೆ ಎದ್ದು ಹೊರಗೆ ಹೋಗಬೇಕಾಯಿತು. ಯಜಮಾನರು ಕೊಕ್ಕೆಯನ್ನು ತಮ್ಮ ಅಂಗಿಯ ತೋಳಿನಿಂದಲೇ ಒರೆಸಿ, ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಹೋದರು.

ಅದರ ಫೋಟೋ ಅವರ ವಾಟ್ಸಾಪ್ ಗುಂಪಿಗೆ ಹೋಯಿತು. ಹಳೇ ಜೀಪಿಟ್ಟುಕೊಂಡ ಹತ್ತು ಹನ್ನೆರಡು ಜನರ ಗುಂಪು ಅದು. ದೊಡ್ಡ ಕಂಪನಿಗಳಲ್ಲಿ ದೊಡ್ಡ ಹುದ್ದೆ, ಭಾನುವಾರಕ್ಕೆಂದೇ ಕೊಂಡ ಖಾಕಿ ಟೋಪಿ. ಒಂದೇ ವಾರದಲ್ಲಿ ಮೂವರು ನನಗೆ ಫೋನು ಮಾಡಿದರು. ಎಲ್ಲರಿಗೂ ಅದೇ ಬೇಕು, ಅದೇ ಉದ್ದ, ಅದೇ ಉಗುರು. ಒಬ್ಬರು ಉಗುರಿನ ಕೋನ ಎಷ್ಟು ಡಿಗ್ರಿ ಎಂದು ಕೇಳಿದರು. ನಾನು ಟರ್ನರ್ ಅಣ್ಣನ ಕಡೆ ನೋಡಿದೆ. ಅವರು ಗಾಳಿಯಲ್ಲಿ ತಟ್ಟೆ ಎಳೆದು ತೋರಿಸಿದರು. ನಾನು ಬಾಯಿಗೆ ಬಂದ ಒಂದು ಅಂಕೆ ಹೇಳಿದೆ. ಫೋನಿನ ಆ ಕಡೆ ಅದನ್ನು ಬರೆದುಕೊಂಡ ಸದ್ದು ಕೇಳಿಸಿತು.

ಮಾಡಿಕೊಟ್ಟೆವು. ನಾನೂ ಟರ್ನರ್ ಅಣ್ಣನೂ ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಗುಂಪಿನ ಕತೆ ಹೇಳಿಕೊಂಡು ನಗುತ್ತಿದ್ದೆವು. ಒಬ್ಬರ ತಾತ ಸೈನ್ಯದಲ್ಲಿದ್ದರಂತೆ, ಅವರ ಪೆಟ್ಟಿಗೆಯಲ್ಲಿ ಇಂಥದ್ದೇ ಒಂದಿತ್ತಂತೆ, ಈಗ ನೆನಪಾಯಿತಂತೆ.

ಆಮೇಲೆ ಯಜಮಾನರ ಮನೆಯಲ್ಲಿ ಗುಂಪಿನ ಕೂಟವಾಯಿತು. ಭಾನುವಾರ ಬೆಳಿಗ್ಗೆ ತಿಂಡಿಗೆ ನಾನು ಬರಲೇಬೇಕೆಂದು ಅವರು ಹಟ ಹಿಡಿದರು. ರೇಷ್ಮೆ ಸೀರೆಯುಟ್ಟು, ಆಟೋ ಹಿಡಿದು ಹೋದೆ.

ಇಂದಿರಾನಗರದ ಒಳರಸ್ತೆಯಲ್ಲಿ ದೊಡ್ಡ ಮನೆ. ಪಕ್ಕದ ಗ್ಯಾರೇಜಿನಲ್ಲಿ ಜೀಪು. ಅದರಾಚೆಯ ಗೋಡೆಯನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಡೀ ಗೋಡೆಗೆ ಮಿಲಿಟರಿ ಹಸಿರು ಬಳಿದ ಪ್ಲೈವುಡ್. ಒಂದೊಂದು ಸಲಕರಣೆಯ ಸುತ್ತ ಬಿಳಿ ಗೆರೆ, ಕೆಳಗೊಂದು ಚೀಟಿ. ನಮ್ಮ ಪುಲ್ಲರ್, ನಮ್ಮ ಸ್ಪ್ಯಾನರುಗಳು, ನಮ್ಮ ಉಳಿಗಳು, ಒಂದರ ಮೇಲೂ ಒಂದು ಗೀರಿಲ್ಲ. ಮೇಲಿಂದ ಪುಟ್ಟ ದೀಪಗಳ ಬೆಳಕು. ನಟ್ಟನಡುವೆ, ದೇವರ ಮನೆಯಲ್ಲಿ ಮೂಲವಿಗ್ರಹ ಇರುವ ಜಾಗದಲ್ಲಿ, ನಮ್ಮ ಇಡ್ಲಿ ಕೊಕ್ಕೆ.

ಜೀಪಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಶಿವಾಜಿನಗರದ ಮೆಕ್ಯಾನಿಕ್, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಕೂಟದ ದಿನ ಜೀಪು ಸ್ಟಾರ್ಟ್ ಆಗಿ ಓಡಲೇಬೇಕೆಂದು ಅವರನ್ನು ಮುಂಜಾನೆಯೇ ಕರೆಸಿದ್ದರು. ಅವರ ಪಕ್ಕದಲ್ಲೊಂದು ಅಕ್ಕಿ ಚೀಲ, ಅದರಲ್ಲಿ ನಾಲ್ಕು ಸ್ಪ್ಯಾನರು, ಸುತ್ತಿಗೆ, ತುದಿ ಮುರಿದ ಸ್ಕ್ರೂ ಡ್ರೈವರ್.

"ಸಾಬ್, ಆ ಹಬ್ ಪುಲ್ಲರ್ ಕೊಡಿ ಸ್ವಲ್ಪ," ಉಸ್ತಾದ್ ಕೆಳಗಿಂದಲೇ ಕೇಳಿದರು.

"ಅದು ಡಿಸ್‌ಪ್ಲೇ ಪೀಸ್ ಉಸ್ತಾದ್. ನಿಮ್ದು ತಂದಿಲ್ವಾ?"

 ಜೀಪಿನ ಕೆಳಗಿಂದ ಸುತ್ತಿಗೆ ಏಟು ಕೇಳಿಸಿತು, ಅಗತ್ಯಕ್ಕಿಂತ ಜೋರಾಗಿ.

ಹೊರಗೆ ಶಾಮಿಯಾನದಲ್ಲಿ ಹದಿನೈದು ಕುರ್ಚಿ. ನನ್ನನ್ನು ಮುಂದೆ ಕೂರಿಸಿದರು. ಏನೋ ನಡೆಯಲಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ನನ್ನ ಹೆಗಲಿಗೆ ಶಾಲು ಬಿದ್ದಿತ್ತು. ಕೈಗೆ ಹಣ್ಣಿನ ಬುಟ್ಟಿ ಬಂತು. ತಲೆಯ ಮೇಲೆ ಮೈಸೂರು ಪೇಟ ಕೂರಿಸಿದರು. ಅದು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. "ನಮ್ಮ ಹೆರಿಟೇಜ್ ಉಳಿಸ್ತಿರೋ ಮಹಿಳೆ," ಎಂದು ಯಜಮಾನರು ಮೈಕು ಹಿಡಿದು ಹೇಳಿದರು. ಹದಿನೈದು ಜನಕ್ಕೆ ಮೈಕು ಯಾಕೆ ಬೇಕಿತ್ತೋ ತಿಳಿಯದು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳಬಾರದು, ನನಗೆ ಖುಷಿಯಾಯಿತು. ನಮ್ಮ ಮನೆಯಲ್ಲಿ ಲೇತ್ ನಡೆಸುವ ಹೆಂಗಸನ್ನು ಯಾರೂ ಹೊಗಳಿದ್ದಿಲ್ಲ. ತಮ್ಮಂದಿರ ಹೆಂಡಂದಿರು ನನ್ನ ಉಗುರಿನ ಕಪ್ಪನ್ನು ನೋಡಿ ತಟ್ಟೆ ದೂರ ಸರಿಸುವವರು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಅಡುಗೆಯವರು ಬಂದರು. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಸೊಂಟಕ್ಕೆ ಟವೆಲು, ಬೆವರಿಗೆ ಹೊಳೆಯುವ ಎದೆ. ಒಂದು ಕೈಯಲ್ಲಿ ಹಬೆಯಾಡುವ ಇಡ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಗೋಡೆಯ ಮೇಲಿದ್ದ ಕೊಕ್ಕೆ. ಉಗುರಿಗೆಲ್ಲ ಹಿಟ್ಟು ಮೆತ್ತಿತ್ತು.

"ನನ್ ಕೊಕ್ಕೆ ಮನೇಲೇ ಮರ್ತು ಬಂದ್ಬಿಟ್ಟಿದ್ದೆ ಸ್ವಾಮಿ," ಅವರು ನಗುತ್ತಾ ಹೇಳಿದರು. "ಕೈ ಸುಟ್ಕೊಂಡು ಒದ್ದಾಡ್ತಿದ್ದೆ. ಸದ್ಯ, ನಿಮ್ಮನೆ ಗೋಡೆ ಮೇಲೇ ಒಂದಿತ್ತಲ್ಲ!"

ಯಜಮಾನರ ಮುಖದ ರಕ್ತವೆಲ್ಲ ಎಲ್ಲಿಗೋ ಇಳಿದುಹೋಯಿತು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು. "ಅದನ್ನ ಯಾಕ್ರೀ ಮುಟ್ಟಿದ್ರಿ?" ಎಂದ ಮಾತು ಇಡೀ ರಸ್ತೆಗೆ ಕೇಳಿಸಿತು. "ಮಿಲಿಟರಿ ಟೂಲ್ ಅದು! ಆಯಿಲ್ ಸೀಲ್ ಎಳೆಯೋದು!"

ಅಡುಗೆಯವರು ಕೊಕ್ಕೆಯನ್ನು ತಿರುಗಿಸಿ ನೋಡಿದರು. "ಯಾವ್ ಮಿಲಿಟರಿ ಸ್ವಾಮಿ? ಮೂವತ್ತು ವರ್ಷದಿಂದ ಇಡ್ಲಿ ಬೇಯಿಸ್ತಿದೀನಿ. ಇದು ಇಡ್ಲಿ ಕೊಕ್ಕೆ."

ಕುರ್ಚಿಗಳಲ್ಲಿ ನಗು ಹರಿಯಿತು. ತಾತ ಸೈನ್ಯದಲ್ಲಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. "ಇವ್ರಿಗೆ ಜೀಪ್ ಕೊಟ್ರೆ ಅದ್ರಲ್ಲೂ ಚಟ್ನಿ ರುಬ್ತಾರೆ ಗುರು!"

"ಮೇಡಂ ಇಲ್ಲೇ ಇದಾರಲ್ಲ, ಮಾಡಿದೋರು," ಯಜಮಾನರು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಮೇಡಂ, ಇದೇನಿದು?"

ಎಲ್ಲರೂ ನನ್ನ ಕಡೆ ನೋಡಿದರು. ಅಡುಗೆಯವರೂ ನೋಡಿದರು, ನಂಬಿಕೆಯಿಂದಲೇ. ಸಲಕರಣೆ ಮಾಡುವವಳು, ಇವಳಿಗಾದರೂ ಗೊತ್ತಿರುತ್ತದೆ ಎಂಬಂತೆ. ಜೀಪಿನ ಕೆಳಗಿಂದ ಉಸ್ತಾದ್ ತಲೆ ಹೊರಗೆ ಹಾಕಿದ್ದರು.

ಹೇಳಬೇಕಾಗಿದ್ದದ್ದು ಎರಡೇ ಮಾತು. ಪೇಟ ಕಣ್ಣಿನ ಮೇಲೆ ಜಾರುತ್ತಿತ್ತು. ಅದನ್ನು ಮೇಲೆ ಸರಿಸಿಕೊಂಡೆ.

"ನೋಡೋಕೆ ಒಂದೇ ಥರ ಇರ್ತವೆ ಸಾರ್," ಅಂದೆ.

ಅಡುಗೆಯವರು ಟವೆಲಿನಿಂದ ಕೊಕ್ಕೆಯ ಉಗುರುಗಳನ್ನು ಚೆನ್ನಾಗಿ ಒರೆಸಿ, ತಾವೇ ಹೋಗಿ ಬಿಳಿ ಗೆರೆಯ ನಡುವೆ ಸರಿಯಾಗಿ ನೇತುಹಾಕಿ, ಹಿತ್ತಲಿಗೆ ಹೋದರು. ಉಳಿದ ತಟ್ಟೆಗಳನ್ನು ಟವೆಲು ಮಡಚಿ ಹಿಡಿದು ಎಳೆದಿರಬೇಕು. ಬಡಿಸಲು ಬಂದಾಗ ಅವರ ಬಲಗೈಯ ಎರಡು ಬೆರಳು ಕೆಂಪಾಗಿ ಊದಿದ್ದವು. ಇಡ್ಲಿ ಮಲ್ಲಿಗೆಯಷ್ಟು ಮೆತ್ತಗಿತ್ತು. ನಾನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನ ಟರ್ನರ್ ಅಣ್ಣನಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಲೇತ್ ನಿಲ್ಲಿಸಿದರು. "ಸಾಕು ಪಾಪಾ. ಹೋಗಿ ನಿಜ ಹೇಳ್ಬಿಡು. ಈ ಆಟದಲ್ಲಿ ನಾನೂ ಸೇರ್ಕೊಂಡಿದ್ದೆ, ನನ್ ಹೆಸ್ರೂ ಹೇಳು."

ಅದೇ ವಾರ ಯಜಮಾನರ ಮನೆಗೆ ಹೋದೆ. ಗೋಡೆಯ ಮುಂದೆ ನಿಂತು, ಒಂದೂ ಮಾತು ಬಿಡದೆ ಹೇಳಿದೆ. ಇದು ಇಡ್ಲಿ ಕೊಕ್ಕೆ. ಜೋಗುಪಾಳ್ಯದ ಹೋಟೆಲಿಗೆ ಮಾಡಿದ್ದು. ನೀವು ಕೇಳಿದಾಗ ನಾನು ಸುಮ್ಮನೆ ಹ್ಞೂಂ ಅಂದೆ. ಅಡುಗೆಯವರು ಹೇಳಿದ್ದೇ ಸರಿ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

ಯಜಮಾನರು ತುಂಬ ಪ್ರೀತಿಯಿಂದ ನಕ್ಕರು.

"ಮೇಡಂ, ನೀವು ಟೂ ಹಂಬಲ್. ಆ ಭಟ್ರಿಗೆ ಬೇಜಾರಾಯ್ತು ಅಂತ ಹೀಗ್ ಹೇಳ್ತಿದೀರ. ನಿಮ್ಮ ಮನಸ್ಸು ದೊಡ್ಡದು."

"ಸಾರ್, ನಿಜವಾಗ್ಲೂ ಇಡ್ಲಿದು."

"ಇರ್ಬಹುದು. ಆದ್ರೆ ಇಡ್ಲಿಗೆ ಎಲ್ಲಿಂದ ಬಂತು? ಕಂಟೋನ್ಮೆಂಟ್ ಇದು ಮೇಡಂ. ಮಿಲಿಟರಿ ಡಿಸ್ಪೋಸಲ್ ಸಾಮಾನೆಲ್ಲ ಶಿವಾಜಿನಗರದ ಗುಜರಿಗೆ ಬರ್ತಿತ್ತು, ಹೋಟೆಲಿನವ್ರು ತಗೊಂಡು ಹೋಗ್ತಿದ್ರು. ಆಯಿಲ್ ಸೀಲ್ ಟೂಲ್ ನೋಡಿನೇ ಇಡ್ಲಿ ಕೊಕ್ಕೆ ಮಾಡ್ಕೊಂಡಿರೋದು. ನೀವು ಮಾಡೋರು, ನಿಮ್ಗೆ ಅದ್ರ ಹಿಸ್ಟರಿ ಗೊತ್ತಿರಲ್ಲ. ಅದು ನಿಮ್ ತಪ್ಪಲ್ಲ."

ಐದು ನಿಮಿಷದಲ್ಲಿ ನನ್ನ ತಪ್ಪೊಪ್ಪಿಗೆ ಅವರ ಇತಿಹಾಸದ ಪುಟವಾಗಿತ್ತು. ಸಂಜೆಗೆ ಅವರ ಗುಂಪಿನಲ್ಲಿ ಅದರ ಬಗ್ಗೆ ಉದ್ದನೆಯ ಲೇಖನವೇ ಬಂತಂತೆ. ಮತ್ತಿಬ್ಬರು ಕೊಕ್ಕೆ ಬೇಕೆಂದು ಫೋನು ಮಾಡಿದರು. ಇದು ಇಡ್ಲಿಯದು ಎಂದು ಇಬ್ಬರಿಗೂ ಹೇಳಿದೆ. ಒಬ್ಬರು "ಹಹ್ಹ, ಗೊತ್ತು ಗೊತ್ತು" ಅಂದರು. ಇನ್ನೊಬ್ಬರು ಮಾರಲು ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳಿ ಅಂದರು. ಹಾಗಾದರೆ ನೇರವಾಗಿಯೇ ಹೇಳುತ್ತೇನೆ, ಮಾಡುವುದಿಲ್ಲ ಅಂದೆ.

ಎರಡು ವಾರದ ಮೇಲೆ ನಮ್ಮ ಶೆಡ್ಡಿನ ಮುಂದೆ ಒಂದು ಹಳೇ ಸ್ಕೂಟರ್ ನಿಂತಿತು. ಉಸ್ತಾದ್. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅವರು ಸ್ಟೂಲೆಳೆದುಕೊಂಡು ಕೂತು, ಟೀ ಕುಡಿದು, ಲೇತನ್ನು ಮೆಚ್ಚಿ, ಆಮೇಲೆ ಮಾತೆತ್ತಿದರು.

"ಅಮ್ಮಾ, ಆ ಕೊಕ್ಕೆ ಒಂದು ನನ್ಗೂ ಬೇಕು."

"ಅದು ಏನಕ್ಕೆ ಅಂತ ನಿಮ್ಗೆ ಗೊತ್ತಲ್ಲ ಉಸ್ತಾದ್?"

"ಗೊತ್ತಿಲ್ದೆ ಏನು? ಇಡ್ಲಿದು." ಅವರು ಗಡ್ಡ ಕೆರೆದುಕೊಂಡರು. "ಆಯಿಲ್ ಸೀಲು ಸ್ಕ್ರೂ ಡ್ರೈವರಲ್ಲಿ ಬರ್ತೈತೆ, ಒಂದು ನಿಮಿಷ. ಆದ್ರೆ ಆ ಗ್ರೂಪಿನ ಸಾಬ್‌ಗಳೆಲ್ಲಾ ಈಗ ನನ್ನ ಗ್ಯಾರೇಜಿಗೆ ಬಂದು ಗೋಡೆ ನೋಡ್ತಾರೆ. 'ಉಸ್ತಾದ್, ನಿಮ್ ಹತ್ರ ಸೀಲ್ ಟೂಲ್ ಇಲ್ವಾ?' ಅಂತಾರೆ. ಇಲ್ಲಾ ಅಂದ್ರೆ ಗಾಡಿ ಬಿಡೋದು ಬೇಡ, ನಕ್ಕೋ ಅಂತ ವಾಪಸ್ ಹೋಗ್ತಾರೆ. ನಲವತ್ತು ವರ್ಷ ಜೀಪ್ ಕೆಳ್ಗೆ ಮಲ್ಗಿದೀನಿ ಅಮ್ಮಾ, ಈಗ ಇಡ್ಲಿ ಕೊಕ್ಕೆ ಇಲ್ದೆ ನಾನು ಮೆಕ್ಯಾನಿಕ್ ಅಲ್ಲ."

ಅವರು ನಗುತ್ತಲೇ ಹೇಳಿದರು. ನಮ್ಮಿಬ್ಬರಿಗೂ ನಗಲಾಗಲಿಲ್ಲ. ಟರ್ನರ್ ಅಣ್ಣ ಎದ್ದು ಹೋಗಿ, ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಕೊಕ್ಕೆಯನ್ನು ತಂದು ಅವರ ಕೈಗೆ ಕೊಟ್ಟರು.

"ಜೀಪು ಸ್ಟಾರ್ಟ್ ಆಯ್ತಾ ಅವತ್ತು?" ಕೇಳಿದೆ.

"ಆಯ್ತು, ಮಧ್ಯಾಹ್ನ. ಅಷ್ಟೊತ್ತಿಗೆ ಎಲ್ರೂ ಹೋಗ್ಬಿಟ್ಟಿದ್ರು. ಸಾಬ್ ಮಹಡಿ ಮೇಲೆ ಫೋನ್ ಕಾಲ್‌ನಲ್ಲಿದ್ರು. ನಾನೂ ಆ ಅಡುಗೆಯವ್ರೂ ಇಬ್ರೇ ನೋಡಿದ್ದು. ಇಂಜಿನ್ ಸದ್ದು ಕೇಳಿ ಅವ್ರು ಪಾತ್ರೆ ತೊಳಿಯೋದು ಬಿಟ್ಟು ಬಂದ್ರು. ಇಬ್ರೂ ಕೂತು ಟೀ ಕುಡಿದ್ವಿ."

ಅಡುಗೆಯವರ ಮನೆ ಜೋಗುಪಾಳ್ಯದಲ್ಲಿ ಎಲ್ಲಿ ಎಂಬುದನ್ನೂ ಉಸ್ತಾದ್ ಅವರೇ ಹೇಳಿದರು.

ಹೊಸ ಸ್ಟೇನ್‌ಲೆಸ್ ಸರಳಿನಲ್ಲಿ ಒಂದು ಕೊಕ್ಕೆ ಮಾಡಿಸಿಕೊಂಡು ಹೋದೆ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಗಲ್ಲಿ. ಅವರು ಹೊಸಿಲ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು. ನನ್ನ ಗುರುತು ತಕ್ಷಣ ಸಿಕ್ಕಿತು. ಏಳಲಿಲ್ಲ, ಒಳಗೆ ಕರೆಯಲೂ ಇಲ್ಲ.

"ಅವತ್ತು ನಾನು ಸುಳ್ಳು ಹೇಳ್ದೆ. ನೀವು ಹೇಳಿದ್ದೇ ಸರಿ ಇತ್ತು," ಅಂದೆ.

"ಗೊತ್ತಮ್ಮ," ಅಂದರು, ಸೊಪ್ಪಿನಿಂದ ಕಣ್ಣೆತ್ತದೆ. "ತಲೆ ಮೇಲೆ ಪೇಟ ಇತ್ತಲ್ಲ ನಿಮ್ಗೆ."

ನಾನು ಕೊಕ್ಕೆ ಮುಂದೆ ಚಾಚಿದೆ. ಅವರು ಕೈಯಲ್ಲಿದ್ದ ಕಟ್ಟನ್ನು ಬಿಡಿಸಿ ಮುಗಿಸಿ, ಆಮೇಲೆ ತೆಗೆದುಕೊಂಡರು. ಹಿಡಿದು ನೋಡಿದರು. ಎದ್ದು ಒಳಗೆ ಹೋಗಿ ಇಡ್ಲಿ ಪೆಟ್ಟಿಗೆಯ ಬಾಗಿಲು ತೆಗೆದು, ಖಾಲಿ ತಟ್ಟೆಯೊಂದನ್ನು ಎಳೆದು, ಮತ್ತೆ ಒಳಗೆ ನೂಕಿ, ಮತ್ತೆ ಎಳೆದರು. ಆಮೇಲೆ ಹೊರಗೆ ಬಂದು ಅದನ್ನು ನನ್ನ ಕೈಗೇ ವಾಪಸ್ಸಿಟ್ಟರು.

"ಉದ್ದ ಸಾಲ್ದು. ಒಂದು ಗೇಣು ಜಾಸ್ತಿ ಮಾಡ್ಸಿ. ಹಬೆ ನೇರ ಮುಂಗೈಗೇ ಹೊಡಿಯುತ್ತೆ. ಹಿಡಿ ಕಬ್ಬಿಣದ್ದು ಬೇಡ, ಕಾಯುತ್ತೆ. ಮರದ್ದು ಹಾಕ್ಸಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅಳತೆ ಬರೆದುಕೊಂಡು ಬಂದೆ.

ಸರಳು ಉದ್ದ ಮಾಡಿ, ಹೊನ್ನೆ ಮರದ ಹಿಡಿ ಹಾಕಿದ್ದಾಯಿತು. ಮನೆಗೆ ಹೋಗುವ ದಾರಿಯಲ್ಲಿ ಟರ್ನರ್ ಅಣ್ಣನೇ ಕೊಟ್ಟು ಬಂದರು. ಮರುದಿನ ಬೆಳಿಗ್ಗೆ, ಅಡುಗೆಯವರು ವಾಪಸ್ ಕೊಟ್ಟ ಅದೇ ಕೊಕ್ಕೆಯನ್ನು ಹೆಗಲ ಮೇಲಿಟ್ಟುಕೊಂಡು ಅಣ್ಣ ಬಸ್ಸಿಳಿದು ಬಂದರು. ಎಡಗಡೆ ಉಗುರು ಕೂದಲೆಳೆಯಷ್ಟು ಗಿಡ್ಡವಂತೆ, ತಟ್ಟೆ ಒಂದು ಪಕ್ಕಕ್ಕೆ ವಾಲುತ್ತದಂತೆ. ಸರಿ ಮಾಡಿದರು. ಮೂರನೇ ದಿನ ಮತ್ತೆ ಹೊತ್ತು ತಂದರು. ಉಗುರಿನ ತುದಿ ಚೂಪಾಗಿ ತಟ್ಟೆಯನ್ನು ಗೀರುತ್ತದಂತೆ.

"ಜೀಪಿನೋರು ಇಷ್ಟು ವರ್ಷದಲ್ಲಿ ಒಂದೇ ಒಂದು ಟೂಲು ವಾಪಸ್ ತರ್ಲಿಲ್ಲ ಪಾಪಾ," ಅಣ್ಣ ಕನ್ನಡಕ ಏರಿಸಿಕೊಂಡು ಗ್ರೈಂಡರ್ ಮುಂದೆ ಕೂತರು. "ಈಯಪ್ಪ ನೋಡು. ಮೂರ್ ಸಲ."

ತಮಿಳಿನಲ್ಲಿ ಇನ್ನೂ ಏನೇನೋ ಬೈದುಕೊಂಡರು. ಆಮೇಲೆ ಕೊಕ್ಕೆಯನ್ನು ಬೆಳಕಿಗೆ ಹಿಡಿದು, ಉಗುರಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಗ್ರೈಂಡರ್ ಸ್ವಿಚ್ಚು ಹಾಕಿದರು.